ಒಬ್ಬಳೇ ಹತ್ತಿದ ಲಕ್ಷದ್ವೀಪದ ಹಡಗು

ಕ್ರೂಸ್ ಅಂದಕೂಡಲೇ ಎಲ್ಲರ ಕಣ್ಣಿಗೆ ಬರುವುದು ಮಹಡಿ ಮೇಲೆ ಮಹಡಿಯ ಬಿಳಿ ಹಡಗು, ಈಜುಕೊಳ, ಕ್ಯಾಸಿನೊ, ರಾತ್ರಿ ಹಾಡು ಕುಣಿತ. ನಾನು ಹತ್ತಿದ ಹಡಗಿನಲ್ಲಿ ಇವು ಯಾವುವೂ ಇರಲಿಲ್ಲ. ಎಂ.ವಿ. ಕವರತ್ತಿ ಅನ್ನುವುದು ಲಕ್ಷದ್ವೀಪ ಆಡಳಿತದ ಹಡಗು. ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್‌ನಲ್ಲಿ ಕಟ್ಟಿದ್ದು, ಏಳುನೂರು ಪ್ರಯಾಣಿಕರನ್ನು ಹಿಡಿಯುತ್ತದೆ. ದ್ವೀಪದವರಿಗೆ ಅದು ನಮ್ಮ ಕೆಎಸ್‌ಆರ್‌ಟಿಸಿ ಬಸ್ಸು ಇದ್ದ ಹಾಗೆ: ಆಸ್ಪತ್ರೆಗೆ, ಕಾಲೇಜಿಗೆ, ಮದುವೆ ಜವಳಿಗೆ ಎಲ್ಲದಕ್ಕೂ ಅದರಲ್ಲೇ ಕೊಚ್ಚಿಗೆ ಬಂದು ಹೋಗುತ್ತಾರೆ. ಅದರಲ್ಲೇ ಪ್ರವಾಸಿಗರಿಗೂ ಒಂದಷ್ಟು ಕ್ಯಾಬಿನ್ ಬಿಟ್ಟು, ಆಡಳಿತದ್ದೇ ಪ್ರವಾಸೋದ್ಯಮ ಸಂಸ್ಥೆ 'ಸಮುದ್ರಂ' ಹೆಸರಿನಲ್ಲಿ ಐದು ದಿನದ ಪ್ಯಾಕೇಜ್ ನಡೆಸುತ್ತಿತ್ತು. ಹಗಲು ಒಂದೊಂದು ದ್ವೀಪ, ರಾತ್ರಿ ಹಡಗಿನಲ್ಲೇ ನಿದ್ದೆ. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ, 2019ರ ಜನವರಿಯಲ್ಲಿ, ಅದರಲ್ಲಿ ಒಬ್ಬಳೇ ಹೋಗಿಬಂದೆ.

ಲಕ್ಷದ್ವೀಪವೇ ಯಾಕೆ ಅಂತ ಕೇಳಿದವರಿದ್ದಾರೆ. ಮಂಗಳೂರಿನವಳಾದ ನನಗೆ ಅದು ಪರದೇಶ ಅನ್ನಿಸಿದ್ದೇ ಇಲ್ಲ. ಹಳೆ ಬಂದರಿನಲ್ಲಿ ಮಂಜಿ ಅನ್ನುವ ಸರಕು ದೋಣಿಗಳಿಗೆ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ತುಂಬುವುದನ್ನು ಶಾಲೆಗೆ ಹೋಗುವ ವಯಸ್ಸಿನಿಂದ ನೋಡಿದ್ದೇನೆ. ಅತ್ತಲಿಂದ ಬರುವಾಗ ಕೊಬ್ಬರಿ, ತೆಂಗಿನ ನಾರು. ಸಂಬಂಧ ಇನ್ನೂ ಹಿಂದಿನದು. 1783ರಲ್ಲಿ ಅಮಿನಿ ದ್ವೀಪದ ಕೆಲವರು, ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆ ಸಾಕಾಗಿ, ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನನ್ನು ಕಂಡು 'ನಮ್ಮನ್ನು ನೀವೇ ನೋಡಿಕೊಳ್ಳಿ' ಅಂದರಂತೆ. ಅಮಿನಿ ಗುಂಪಿನ ದ್ವೀಪಗಳು ಹಾಗೆ ಅವನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಅವುಗಳನ್ನು ಮಂಗಳೂರಿನಿಂದಲೇ ಆಳಿದರು. 1956ರಲ್ಲಿ ಕೇಂದ್ರಾಡಳಿತ ಪ್ರದೇಶ ಆಗುವವರೆಗೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಎಲ್ಲ ನಮ್ಮ ದಕ್ಷಿಣ ಕನ್ನಡದ ಲೆಕ್ಕದಲ್ಲೇ ಇದ್ದವು. ಪ್ಯಾಕೇಜಿನಲ್ಲಿ ಆ ದ್ವೀಪಗಳು ಇರಲಿಲ್ಲ ಅನ್ನುವುದು ಬೇರೆ ಮಾತು. ಅದರಲ್ಲಿದ್ದದ್ದು ಕಲ್ಪೇನಿ, ಮಿನಿಕಾಯ್ ಮತ್ತು ಕವರತ್ತಿ.

ಒಬ್ಬಳೇ ಯಾಕೆ ಅನ್ನುವುದಕ್ಕೆ ದೊಡ್ಡ ಕತೆಯೇನೂ ಇಲ್ಲ. ನಮ್ಮ ಯಜಮಾನರಿಗೆ ಬಂದರಿನಿಂದ ಬೆಂಗ್ರೆಗೆ ದಾಟುವ ಫೆರಿಯಲ್ಲೇ ತಲೆ ತಿರುಗುತ್ತದೆ. ಗೆಳತಿಯರೆಲ್ಲ ಕಾಶಿ, ಕಾಶ್ಮೀರ ಅನ್ನುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಮೂವತ್ತು ವರ್ಷದಿಂದ ಯಾವ ಪ್ರವಾಸಕ್ಕೆ ಹೋದರೂ ನಾನು ಇನ್ನೊಬ್ಬರ ಹೊಟ್ಟೆ ನೋಡಿಕೊಂಡೇ ಊರು ನೋಡಿದ್ದು. ಇವರಿಗೆ ಕಾಫಿ ಸಿಕ್ಕಿತಾ, ಮಗಳಿಗೆ ನಿದ್ದೆ ಬಂತಾ, ಅತ್ತೆಗೆ ಮಂಡಿ ನೋವಾ. ಬೇಲೂರಿನ ಗುಡಿಯ ಗೋಡೆಗಿಂತ ಅಲ್ಲಿನ ಶೌಚಾಲಯ ಎಲ್ಲಿದೆ ಅನ್ನುವುದು ನನಗೆ ಚೆನ್ನಾಗಿ ನೆನಪಿದೆ. ಒಂದು ಸಲ ನನ್ನ ಹೊಟ್ಟೆ ಮಾತ್ರ ನೋಡಿಕೊಂಡು ಹೋಗಿಬರಬೇಕು ಅಂತಿತ್ತು.

ದುಡ್ಡಿನ ವಿಷಯದಲ್ಲಿ ಒಂಟಿ ಪ್ರಯಾಣಿಕರಿಗೆ ಈ ಸರ್ಕಾರಿ ಹಡಗು ಲಾಭ. ದೊಡ್ಡ ಕ್ರೂಸ್ ಕಂಪನಿಗಳು ಕ್ಯಾಬಿನ್ನನ್ನು ಇಬ್ಬರ ಲೆಕ್ಕದಲ್ಲಿ ಮಾರುತ್ತವೆ; ಒಬ್ಬರೇ ಹೋದರೆ ಬಾರದೇ ಇರುವ ಇನ್ನೊಬ್ಬರ ಪಾಲಿನ ಬಹುಭಾಗವನ್ನೂ ನಾವೇ ಕಟ್ಟಬೇಕು. ಇಲ್ಲಿ ಟಿಕೆಟ್ಟು ಬರ್ತ್ ಲೆಕ್ಕ. ಒಂದು ಬರ್ತಿಗೆ ಎಷ್ಟೋ ಅಷ್ಟೇ. ಉಳಿದ ಬರ್ತುಗಳಲ್ಲಿ ಯಾರು ಬರುತ್ತಾರೆ ಅನ್ನುವುದು ಮಾತ್ರ ದೇವರಿಗೆ ಬಿಟ್ಟದ್ದು.

ಲಕ್ಷದ್ವೀಪಕ್ಕೆ ಸುಮ್ಮನೆ ಟಿಕೆಟ್ ತೆಗೆದು ಹೋಗುವಂತಿಲ್ಲ. ಹೊರಗಿನವರು ಬರುವುದಕ್ಕೂ ಉಳಿಯುವುದಕ್ಕೂ 1967ರ ನಿಯಮಗಳಿವೆ, ಪರ್ಮಿಟ್ ಬೇಕು. ಅರ್ಜಿ, ಫೋಟೊ, ಗುರುತಿನ ಚೀಟಿ, ಜೊತೆಗೆ ನಮ್ಮೂರ ಠಾಣೆಯಿಂದ ಪೊಲೀಸ್ ಕ್ಲಿಯರೆನ್ಸ್. ಬ್ಯಾಂಕಿನಲ್ಲಿ ಇಷ್ಟು ವರ್ಷ ಊರವರ ಕಾಗದಪತ್ರ ಪರೀಕ್ಷೆ ಮಾಡಿದವಳು ಈಗ ಬೆಂಚಿನ ಮೇಲೆ ಕೂತು ನನ್ನ ನಡತೆ ಒಳ್ಳೆಯದು ಅಂತ ಬರೆಸಿಕೊಳ್ಳಬೇಕಾಯಿತು. "ಜೊತೆಗೆ ಯಾರು ಮೇಡಂ?" ಅಂತ ಠಾಣೆಯ ಪೊಲೀಸರೊಬ್ಬರು ಕೇಳಿದರು. ಯಾರೂ ಇಲ್ಲ ಅಂದೆ. "ಗ್ರೂಪಾ?" ಅಲ್ಲ. "ಮಗಳ ಮನೆ ಅಲ್ಲಿದೆಯಾ?" ಇಲ್ಲ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ಒಂದು ನಿಮಿಷ ನೋಡಿದರು. ಆಮೇಲೆ ಅರ್ಜಿಯಲ್ಲಿ ಉದ್ದೇಶ ಅನ್ನುವ ಜಾಗದಲ್ಲಿ ತಾವೇ 'ಸಮುದ್ರ ದರ್ಶನ' ಅಂತ ಬರೆದುಕೊಟ್ಟರು. ಸೋಮೇಶ್ವರದಲ್ಲೂ ಸಮುದ್ರ ಇದೆಯಲ್ಲ ಅಂತ ಅವರಿಗೆ ಅನ್ನಿಸಿದ್ದರೆ ತಪ್ಪೇನಿಲ್ಲ.

ರಾತ್ರಿ ರೈಲಿನಲ್ಲಿ ಎರ್ನಾಕುಳಂ. ಅಲ್ಲಿಂದ ವಿಲ್ಲಿಂಗ್ಡನ್ ದ್ವೀಪ, ಅಂದರೆ ಕೊಚ್ಚಿ ಬಂದರಿನ ಹೂಳು ತೆಗೆದು ಆ ಮಣ್ಣಿನಿಂದಲೇ ಮಾಡಿದ ದ್ವೀಪ. ಲಕ್ಷದ್ವೀಪದ ಹಡಗುಗಳಿಗೆ ಅಲ್ಲಿ ಬೇರೆಯೇ ತಪಾಸಣೆ ಕೇಂದ್ರ. ಸಾಮಾನು ಯಂತ್ರದೊಳಗೆ ಹೋಗಿ ಬರಬೇಕು; ದ್ವೀಪಗಳಲ್ಲಿ ಪಾನನಿರೋಧ ಇರುವುದರಿಂದ ಬಾಟಲಿಗೆ ವಿಶೇಷ ಕಣ್ಣು. ನನ್ನ ಮುಂದಿದ್ದವರೊಬ್ಬರ ಚೀಲದಿಂದ ಎರಡು ಕೋಳಿ ಗೂಡಿನ ಭಾಗ, ಒಂದು ಮಿಕ್ಸಿ, ಮಗುವಿನ ಸೈಕಲ್ಲಿನ ಚಕ್ರ ಹೊರಬಂದವು. ದ್ವೀಪದವರು ಒಂದು ಸರದಿಯಲ್ಲಿ ತಿಂಗಳ ಸಂಸಾರ ಹೊತ್ತು ನಿಂತಿದ್ದರೆ, ಪಕ್ಕದ ಸರದಿಯಲ್ಲಿ ನಾವು, ಟೋಪಿ, ತಂಪು ಕನ್ನಡಕ, ಹೊಸ ಚಪ್ಪಲಿ.

ನನ್ನದು ನಾಲ್ಕು ಬರ್ತಿನ ಕ್ಯಾಬಿನ್. ಬಾಗಿಲು ತೆಗೆದಾಗ ಪುಣೆಯ ನಾದಿನಿ ಅತ್ತಿಗೆ ಇಬ್ಬರು ಆಗಲೇ ಕೆಳಗಿನ ಎರಡು ಬರ್ತಿನ ಮೇಲೆ ಚಕ್ಕುಲಿ ಡಬ್ಬಿ ಹರಡಿದ್ದರು. ನಾಲ್ಕನೆಯವಳು ಹೈದರಾಬಾದಿನ ಸಾಫ್ಟ್‌ವೇರ್ ಹುಡುಗಿ, ಅವಳೂ ಒಬ್ಬಳೇ. ಕೆಳಗಿನ ಬರ್ತ್ ಅಂತ ನನ್ನ ಕಾಗದದಲ್ಲಿ ಬರೆದಿತ್ತು. ಅತ್ತಿಗೆಯ ವಯಸ್ಸು ನೋಡಿ ಬಿಟ್ಟುಕೊಡೋಣ ಅಂತ ಬಾಯಿಯ ತುದಿಗೆ ಬಂತು. ಮೂವತ್ತು ವರ್ಷದ ಅಭ್ಯಾಸ, ತಾನಾಗಿಯೇ ಬರುತ್ತದೆ. ತಡೆದುಕೊಂಡೆ. ಕಾಗದ ತೋರಿಸಿ "ಇದು ನನ್ನದು" ಅಂದೆ. ಯಾರೂ ಏನೂ ಅಂದುಕೊಳ್ಳಲಿಲ್ಲ. ಅತ್ತಿಗೆಯೇ ನಗುತ್ತಾ ಡಬ್ಬಿ ಎತ್ತಿಕೊಂಡು ಮೇಲೆ ಹತ್ತಿ, ಅಲ್ಲಿಂದಲೇ ಕೈ ಇಳಿಬಿಟ್ಟು ಒಂದು ಚಕ್ಕುಲಿ ಕೊಟ್ಟರು.

ಹಡಗು ಹೊರಡುವಾಗ ಎಲ್ಲರೂ ಡೆಕ್ಕಿನ ಮೇಲೆ. ಫೋರ್ಟ್ ಕೊಚ್ಚಿಯ ಚೀನಾ ಬಲೆಗಳು ಒಂದು ಬದಿಗೆ, ವೈಪಿನ್ ಇನ್ನೊಂದು ಬದಿಗೆ. ಬಂದರಿನ ಬಾಯಿ ದಾಟಿದ ಮೇಲೆ ಒಂದು ಸಣ್ಣ ದೋಣಿ ಹಡಗಿನ ಮಗ್ಗುಲಿಗೆ ಬಂತು. ಹಡಗನ್ನು ಹೊರಗೆ ತಂದುಬಿಟ್ಟ ಬಂದರಿನ ಪೈಲಟ್ ಹಗ್ಗದ ಏಣಿಯಲ್ಲಿ ಇಳಿದು, ಓಡುತ್ತಿರುವ ಹಡಗಿನಿಂದ ಓಡುತ್ತಿರುವ ದೋಣಿಗೆ ಕಾಲಿಟ್ಟು, ಒಂದು ಕೈ ಎತ್ತಿ ಹೋಗಿಯೇಬಿಟ್ಟ. ನಾಳೆ ನಾವೂ ಹೀಗೆ ದೋಣಿಗೆ ಇಳಿಯಬೇಕು ಅನ್ನುವುದು ಆಗ ನನ್ನ ತಲೆಗೆ ಬರಲಿಲ್ಲ.

ಮೊದಲ ಊಟದ ಹೊತ್ತು ಸ್ವಲ್ಪ ಕಷ್ಟದ್ದೇ. ತಟ್ಟೆ ಹಿಡಿದು ಸಾಲಿನಲ್ಲಿ ಹೋಗಿ ಅನ್ನ, ಸಾಂಬಾರು, ಪಲ್ಯ ಹಾಕಿಸಿಕೊಂಡು ತಿರುಗಿದರೆ ಎಲ್ಲ ಮೇಜಿನಲ್ಲೂ ಸಂಸಾರಗಳು. ಯಾವ ಮೇಜಿಗೆ ಹೋದರೂ ಅದೇ ಪ್ರಶ್ನೆ. ಒಬ್ಬರೇನಾ? ಯಜಮಾನರು? ಮಕ್ಕಳು? ಕೆಲವರ ದನಿಯಲ್ಲಿ ಮರುಕ, ಕೆಲವರದರಲ್ಲಿ ತನಿಖೆ. ಸೂರತ್ತಿನ ಒಂದು ದೊಡ್ಡ ಕುಟುಂಬ ನನ್ನನ್ನು ದತ್ತು ತೆಗೆದುಕೊಳ್ಳಲು ಹೊರಟಿತ್ತು. ರಾತ್ರಿ ಅಂತ್ಯಾಕ್ಷರಿಗೆ ಬನ್ನಿ, ನಾಳೆ ನಮ್ಮ ಜೊತೆಗೇ ಇರಿ ಅಂತ. ಒಳ್ಳೆಯ ಜನ. ಆದರೆ ಅವರ ಜೊತೆ ಸೇರಿದರೆ ನಾಳೆ ಬೆಳಿಗ್ಗೆ ಅವರ ಅಜ್ಜಿಯ ಮಾತ್ರೆ ನಾನೇ ಹುಡುಕಿ ಕೊಡುತ್ತಿರುತ್ತೇನೆ ಅನ್ನುವುದು ನನಗೆ ಖಂಡಿತ ಗೊತ್ತಿತ್ತು. "ಬರುತ್ತೇನೆ" ಅಂತ ಹೇಳಿ ಡೆಕ್ಕಿಗೆ ಹೋದೆ. ಒಬ್ಬರೇ ಇದ್ದವರಿಗೆ ಇದೊಂದು ಅನುಕೂಲ: ನಿಮ್ಮನ್ನು ಎಲ್ಲರೂ ಕರೆಯುತ್ತಾರೆ, ಬಾರದಿದ್ದರೆ ಯಾರೂ ಹುಡುಕುವುದಿಲ್ಲ.

ಡೆಕ್ಕಿನಲ್ಲಿ ಬಂಕ್ ದರ್ಜೆಯ ದ್ವೀಪದವರು ಚಾಪೆ ಹಾಸಿಕೊಂಡು ಮಲಗಿದ್ದರು. ಕೆಳಗೆ ಎಂಜಿನ್ನಿನ ಶಾಖ, ಮೇಲೆ ಗಾಳಿ. ಅವರಿಗೆ ಯಾವ ಮೂಲೆ ತಂಪು ಅನ್ನುವುದು ಗೊತ್ತು. ಒಬ್ಬ ಹೆಂಗಸು ನನ್ನನ್ನು ನೋಡಿ ಮಾತಿಲ್ಲದೆ ಚಾಪೆಯ ತುದಿ ಸರಿಸಿದಳು. ಕೊಚ್ಚಿಯ ಬೆಳಕು ಮುಳುಗಿದ ಮೇಲೆ ನಕ್ಷತ್ರ ಎಷ್ಟೆಂದರೆ, ಗೊತ್ತಿರುವ ಒಂದೆರಡನ್ನೂ ಹುಡುಕಲಾಗದಷ್ಟು. ಮೊಬೈಲಿನ ಸಿಗ್ನಲ್ ಆಗಲೇ ಹೋಗಿತ್ತು. ಆಗಿನ್ನೂ ದ್ವೀಪಗಳಿಗೆ ಉಪಗ್ರಹವೇ ಗತಿ. ಕೊಚ್ಚಿಯಿಂದ ಸಮುದ್ರದಡಿ ಆಪ್ಟಿಕಲ್ ಫೈಬರ್ ಬಂದದ್ದು 2024ರಲ್ಲಿ. ಮನೆಯಲ್ಲಿ ಗ್ಯಾಸ್ ಮುಗಿಯಿತಾ, ಕೆಲಸದವಳು ಬಂದಳಾ ಅನ್ನುವುದು ಯಾವುದೂ ನನಗೆ ತಿಳಿಯುವ ದಾರಿಯೇ ಇರಲಿಲ್ಲ. ಅಲ್ಲಿ ಎಷ್ಟು ಹೊತ್ತು ಕೂತಿದ್ದೆನೋ, ಎದ್ದು ಬರುವಾಗ ಚಾಪೆಯ ಹೆಂಗಸು ಗೊರಕೆ ಹೊಡೆಯುತ್ತಿದ್ದಳು.

ಬೆಳಿಗ್ಗೆ ಕಲ್ಪೇನಿ. ಇಲ್ಲಿ ಹಡಗು ಹೇಗೆ ನಿಲ್ಲುತ್ತದೆ ಅನ್ನುವುದನ್ನು ಹೇಳಬೇಕು. ದ್ವೀಪದ ಸುತ್ತ ಹವಳದ ದಿಬ್ಬ ಇರುತ್ತದೆ. ಅಲೆಗಳೆಲ್ಲ ಅದಕ್ಕೆ ಬಡಿದು ಅಲ್ಲೇ ಒಡೆಯುತ್ತವೆ. ಒಳಗೆ ಲಗೂನ್, ಅಲ್ಲಿ ನೀರು ತಿಳಿ, ಆಳ ಕಡಿಮೆ. ದೊಡ್ಡ ಹಡಗು ಒಳಗೆ ಹೋದರೆ ತಳ ತಾಗುತ್ತದೆ. ಹಾಗಾಗಿ ಹೊರಗಿನ ಆಳದಲ್ಲೇ ನಿಂತು, ಪ್ರಯಾಣಿಕರನ್ನು ಸಣ್ಣ ದೋಣಿಗಳಿಗೆ ಇಳಿಸುತ್ತಾರೆ. ಹಡಗಿನ ಮಗ್ಗುಲಲ್ಲಿ, ನೀರಿಗೆ ಸ್ವಲ್ಪ ಮೇಲೆ, ಒಂದು ಕಬ್ಬಿಣದ ಬಾಗಿಲು. ಅದನ್ನು ತೆಗೆದಾಗ ಕಂಡದ್ದು: ಹಡಗು ನಿಂತಲ್ಲೇ ಇದೆ, ದೋಣಿ ಮಾತ್ರ ನನ್ನ ಮಂಡಿಯ ಎತ್ತರಕ್ಕೆ ಏರುತ್ತದೆ, ಆಮೇಲೆ ಒಂದಾಳು ಆಳಕ್ಕೆ ಇಳಿಯುತ್ತದೆ, ಮತ್ತೆ ಏರುತ್ತದೆ. ನಡುವಿನ ಸಂದಿಯಲ್ಲಿ ಕಡುನೀಲಿ ನೀರು ಚಪ್ಪಾಳೆ ತಟ್ಟುತ್ತಿತ್ತು.

ಸಾಲಿನಲ್ಲಿ ನನ್ನ ಮುಂದಿದ್ದವರಿಗೆಲ್ಲ ಜೊತೆ ಇತ್ತು. ಗಂಡ ಚೀಲ ಹಿಡಿದರೆ ಹೆಂಡತಿ ಹಾರುತ್ತಾಳೆ, ಮಗ ಕನ್ನಡಕ ಇಟ್ಟುಕೊಂಡರೆ ಅಪ್ಪ ಹಾರುತ್ತಾನೆ. ನನ್ನ ಭುಜದಲ್ಲಿ ಚೀಲ, ಕೈಯಲ್ಲಿ ಚಪ್ಪಲಿ, ಮೂಗಿನ ಮೇಲೆ ಕನ್ನಡಕ. ಒಬ್ಬಳೇ ಬಂದದ್ದು ಇಡೀ ಪ್ರವಾಸದಲ್ಲಿ ನನಗೆ ನಿಜವಾಗಿ ಭಾರವಾದದ್ದು ಆ ಬಾಗಿಲಲ್ಲಿ. ನನ್ನ ಸರದಿ ಬಂದಾಗ ಕೈ ಚಾಚಿದೆ. ಬಾಗಿಲಲ್ಲಿದ್ದ ಖಲಾಸಿ ಕೈ ಹಿಡಿಯಲಿಲ್ಲ. ಬೆರಳು ಜಾರುತ್ತದೆ ಅಂತ ಸನ್ನೆ ಮಾಡಿ, ಮೊಣಕೈಗಿಂತ ಕೆಳಗೆ ನನ್ನ ತೋಳನ್ನು ಹಿಡಿದು, ನನಗೂ ಅವನ ತೋಳನ್ನು ಹಾಗೆಯೇ ಹಿಡಿಯಲು ಹೇಳಿದ. ಇನ್ನೊಬ್ಬ ಈಚೆ ತೋಳು. ದೋಣಿಯಲ್ಲಿ ಇಬ್ಬರು ತೋಳು ಚಾಚಿ ಕಾದಿದ್ದರು. ಚೀಲ ಯಾವಾಗ ಯಾರು ತೆಗೆದುಕೊಂಡರೋ ಗೊತ್ತಾಗಲಿಲ್ಲ. "ನೀರು ನೋಡಬೇಡಿ, ಅವನ ಮುಖ ನೋಡಿ" ಅಂತ ಹಿಂದಿಯಲ್ಲಿ ಹೇಳಿದರು. ದೋಣಿ ಏರಿತು. ಏರಿದಾಗ ಬಿಡಲಿಲ್ಲ; ಇನ್ನೂ ಒಂದು ಅಲೆ ಕಾದರು. ಎರಡನೆಯ ಅಲೆ ಪೂರ್ತಿ ಮೇಲೆ ಬಂದು, ದೋಣಿ ಒಂದು ಕ್ಷಣ ಹಡಗಿನ ಹೊಸ್ತಿಲಿಗೆ ಸಮವಾಗಿ ನಿಂತಾಗ, "ಹಾಂ" ಅಂದರು. ನಾನು ಹಾರಲೇ ಇಲ್ಲ, ಸುಮ್ಮನೆ ಹೆಜ್ಜೆ ಇಟ್ಟೆ. ಇತ್ತಲಿನ ನಾಲ್ಕು ಕೈ ಬಿಡುವ ಮೊದಲೇ ಅತ್ತಲಿನ ನಾಲ್ಕು ಕೈ ಹಿಡಿದಿದ್ದವು. ಚೀಲ ನನ್ನ ಮಡಿಲಿಗೆ ಬಂತು. ಹಿಂದೆಯೇ ಹೈದರಾಬಾದಿನ ಹುಡುಗಿ ಬಂದು ಬಿದ್ದಳು, ನನ್ನ ಮೇಲೆಯೇ. ಇಬ್ಬರೂ ನಕ್ಕದ್ದು ನಕ್ಕದ್ದೇ.

ದಿಬ್ಬದ ಸಂದಿಯಿಂದ ಲಗೂನಿನೊಳಗೆ ಹೋದಾಗ ಕುಲುಕಾಟ ಒಮ್ಮೆಗೇ ನಿಂತಿತು. ಕೆಳಗೆ ಮರಳು, ಮರಳಿನ ಮೇಲೆ ನಮ್ಮ ದೋಣಿಯ ನೆರಳು ಕಾಣುತ್ತದೆ. ಅರಬ್ಬಿ ಸಮುದ್ರ ಅಂದರೆ ಕೆಸರು ಬಣ್ಣ ಅಂತ ತಿಳಿದ ನಮ್ಮಂಥ ಕರಾವಳಿಯವರಿಗೆ ಇದು ಅದೇ ಸಮುದ್ರ ಅಂತ ನಂಬುವುದು ಕಷ್ಟ. ದಡದಲ್ಲಿ ಬೊಂಡ ಕೊಟ್ಟರು. ಕಲ್ಪೇನಿಯಲ್ಲಿ, ಹೆಣ್ಣುಮಕ್ಕಳ ಓದು ನಿಷಿದ್ಧ ಅಂದುಕೊಂಡಿದ್ದ ಕಾಲದಲ್ಲೇ, ಈ ದ್ವೀಪಸಮೂಹದಲ್ಲಿ ಮೊದಲಿಗೆ ಹುಡುಗಿಯರು ಶಾಲೆಗೆ ಹೋದರು ಅಂತ ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಪೂರ್ವದ ತೀರದಲ್ಲಿ ಹವಳದ ಕಲ್ಲುಗಳ ಉದ್ದನೆಯ ಒಡ್ಡು. 1847ರ ಚಂಡಮಾರುತ ತಂದು ಹಾಕಿದ್ದು.

ಸ್ನಾರ್ಕ್ಲಿಂಗ್ ಮಾಡುತ್ತೀರಾ ಅಂತ ಕೇಳಿದಾಗ ಮನೆಯವರು ಯಾರಾದರೂ ಇದ್ದಿದ್ದರೆ ಈ ವಯಸ್ಸಿನಲ್ಲಿ ಬೇಡ ಅಂತ ಅವರೇ ಉತ್ತರ ಕೊಟ್ಟಿರುತ್ತಿದ್ದರು. ಲೈಫ್ ಜಾಕೆಟ್, ಮುಖಕ್ಕೆ ಮಾಸ್ಕ್, ಬಾಯಲ್ಲಿ ಕೊಳವೆ. ಮೂಗು ಮುಚ್ಚಿರುತ್ತದೆ, ಬಾಯಲ್ಲೇ ಉಸಿರಾಡಬೇಕು; ಅದು ಹಿಡಿತಕ್ಕೆ ಬರುವವರೆಗೆ ಗಂಟಲಿಗೆ ಉಪ್ಪು. ಗೈಡ್ ಹುಡುಗ ಟ್ಯೂಬ್ ಹಿಡಿದು ಎಳೆದುಕೊಂಡು ಹೋದ. ಮುಖ ಮುಳುಗಿಸಿದೆ. ಹಳದಿ ಪಟ್ಟೆಯ ಚಿಟ್ಟೆಮೀನು ನನ್ನ ಮಾಸ್ಕಿನ ಎದುರಿಗೇ ಬಂದು ನಿಂತಿತು. ಹವಳ ತಿನ್ನುವ ಗಿಳಿಮೀನುಗಳು ಕಲ್ಲು ಕಡಿಯುವ ಶಬ್ದ ನೀರಿನೊಳಗೆ ಕಟುಕಟು ಅಂತ ಸ್ಪಷ್ಟವಾಗಿ ಕೇಳುತ್ತದೆ. ಅದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಆದರೆ ಬಣ್ಣದ ಹವಳಕ್ಕಿಂತ ಬೂದು ಹವಳವೇ ಜಾಸ್ತಿ. ಹುಡುಗ ಮೇಲೆ ಬಂದ ಮೇಲೆ ಹೇಳಿದ: 2016ರಲ್ಲಿ ನೀರು ಬಿಸಿಯಾಗಿ ಬಿಳಿಚಿಕೊಂಡದ್ದು, ಅದಕ್ಕೂ ಮೊದಲು 1998ರಲ್ಲಿ, 2010ರಲ್ಲಿ ಹೀಗೇ ಆಗಿತ್ತಂತೆ. ಕೈಯ ಬೆರಳು ತೋರಿಸಿ, ಮತ್ತೆ ಬೆಳೆದದ್ದು ಇಷ್ಟೇ ಅಂದ. ಇಲ್ಲಿ ನೆಲವೇ ಹವಳದ್ದು. ಅವನು ಹೇಳಿದ್ದು ಅವನ ಮನೆಯ ಅಡಿಪಾಯದ ಸುದ್ದಿ.

ಮಿನಿಕಾಯ್ ಮೂರರಲ್ಲಿ ನನಗೆ ಅತಿ ಇಷ್ಟವಾದ ದ್ವೀಪ. ಉಳಿದ ದ್ವೀಪಗಳಿಂದ ಬಹಳ ಕೆಳಗೆ, ಮಾಲ್ಡೀವ್ಸ್‌ನ ನೆರೆಯಲ್ಲಿದೆ; ನಡುವೆ ಇರುವುದು ಎಂಟು ಡಿಗ್ರಿ ಕಾಲುವೆ ಅನ್ನುವ ಸಮುದ್ರದ ಹಾದಿ. ಮಾತೂ ಬೇರೆ. ಉಳಿದ ಕಡೆ ಮಲಯಾಳಂ ಜಾತಿಯ ಜೆಸೆರಿ, ಇಲ್ಲಿ ಮಹಲ್. ಬರೆಯುವುದು ಬಲದಿಂದ ಎಡಕ್ಕೆ. ಹನ್ನೊಂದು ಹಳ್ಳಿ. ಹಳ್ಳಿಗೊಂದು ಸಭೆ ಕೂಡುವ ಮನೆ, ಬಣ್ಣ ಬಳಿದ ಉದ್ದನೆಯ ಓಟದ ದೋಣಿ. ಗಂಡಸರು ಬಹಳ ಮಂದಿ ಜಗತ್ತಿನ ಹಡಗುಗಳಲ್ಲಿ ದುಡಿಯುತ್ತಾರೆ, ತಿಂಗಳುಗಟ್ಟಲೆ ಮನೆಗೆ ಬರುವುದಿಲ್ಲ. ಊರು ನಡೆಸುವುದು ಹೆಂಗಸರು.

1885ರಲ್ಲಿ ಬ್ರಿಟಿಷರು ಕಟ್ಟಿಸಿದ ದೀಪಸ್ತಂಭ ಹತ್ತಿ ಇಳಿದು, ಕಾಲು ನಡುಗುತ್ತಾ ನೆರಳಿನಲ್ಲಿ ಕೂತಿದ್ದಾಗ ಅಲ್ಲಿನ ಒಬ್ಬ ಹೆಂಗಸು ಹತ್ತಿರ ಬಂದಳು. ನನ್ನಷ್ಟೇ ವಯಸ್ಸು. ಹರಕು ಹಿಂದಿಯಲ್ಲಿ ಒಬ್ಬಳೇನಾ ಅಂದಳು. ಹೌದು ಅಂದೆ, ಮುಂದಿನ ಪ್ರಶ್ನೆಗೆ ಸಿದ್ಧಳಾಗಿ. ಅವಳು ತುಂಬ ಸಹಜವಾಗಿ, "ಗಂಡ ಹಡಗಿನಲ್ಲಾ?" ಅಂದಳು. ಆ ಊರಲ್ಲಿ ಹೆಂಗಸು ಒಬ್ಬಳೇ ಇದ್ದರೆ ಅದಕ್ಕೆ ಇರುವ ಕಾರಣ ಅದೊಂದೇ. "ಇಲ್ಲ, ಗಂಡ ಮನೆಯಲ್ಲಿ. ನಾನು ಹಡಗಿನಲ್ಲಿ" ಅಂದೆ. ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ತಿರುಗಿ ದೂರದಲ್ಲಿ ಕೂತಿದ್ದ ನಾಲ್ಕೈದು ಹೆಂಗಸರಿಗೆ ಮಹಲ್‌ನಲ್ಲಿ ಕೂಗಿ ಹೇಳಿದಳು. ಅಲ್ಲಿಂದ ಬಂದ ನಗು, ಮಾರಾಯ್ರೆ, ದೀಪಸ್ತಂಭದ ತುದಿಗೂ ಕೇಳಿಸಿರಬೇಕು. ಅವರಲ್ಲೊಬ್ಬಳು ಒಣಗಿಸಿದ ಟ್ಯೂನಾ ಮೀನಿನ ತುಂಡು ತಂದು ಕೊಟ್ಟಳು, ಮಾಸ್‌ಮಿನ್ ಅನ್ನುತ್ತಾರೆ, ಮರದ ಕೊರಡಿನಷ್ಟು ಗಟ್ಟಿ. ನಾನು ಮೀನು ತಿನ್ನುವುದಿಲ್ಲ. ಗಂಡನಿಗೆ ಕೊಡು ಅಂದಳು. ಕೊಚ್ಚಿಯವರೆಗೂ ನಮ್ಮ ಕ್ಯಾಬಿನ್ ಅದರ ವಾಸನೆಯಲ್ಲೇ ಇತ್ತು. ಪುಣೆಯವರು ಚಕ್ಕುಲಿ ಕೊಡುವುದನ್ನು ನಿಲ್ಲಿಸಿದರು.

ಕವರತ್ತಿ ರಾಜಧಾನಿ, ಕಚೇರಿಗಳು, ಸ್ಕೂಟರುಗಳು. ಉಜ್ರಾ ಮಸೀದಿಯ ಮರದ ಕೆತ್ತನೆ ನೋಡಿದೆವು, ಮತ್ಸ್ಯಾಲಯ ನೋಡಿದೆವು. ನನ್ನ ಕುತೂಹಲ ಇದ್ದದ್ದು ನೀರಿನ ಸ್ಥಾವರದಲ್ಲಿ. ಇಂಥ ದ್ವೀಪದಲ್ಲಿ ಸಿಹಿನೀರು ಅಂದರೆ ಮಳೆನೀರು ಮರಳಿನಡಿ ಉಪ್ಪುನೀರಿನ ಮೇಲೆ ತೇಲುವ ಒಂದು ತೆಳು ಪದರ, ಅಷ್ಟೇ. ಬಾವಿ ಜಾಸ್ತಿ ಎಳೆದರೆ ಉಪ್ಪು ಮೇಲೆ ಬರುತ್ತದೆ. 2005ರಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಇಲ್ಲಿ ದಿನಕ್ಕೆ ಒಂದು ಲಕ್ಷ ಲೀಟರಿನ ಸ್ಥಾವರ ಹಾಕಿದರು. ಮೇಲಿನ ಬೆಚ್ಚನೆಯ ಸಮುದ್ರದ ನೀರನ್ನು ಗಾಳಿ ತೆಗೆದ ಕೋಣೆಗೆ ಬಿಡುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ಕಾಯಿಸದೆಯೇ ಒಂದು ಪಾಲು ಆವಿಯಾಗುತ್ತದೆ. ಆ ಆವಿಯನ್ನು, ಆಳದಿಂದ ಕೊಳವೆಯಲ್ಲಿ ಎತ್ತಿದ ತಣ್ಣನೆಯ ನೀರಿನಿಂದ ತಂಪು ಮಾಡಿದರೆ ಸಿಹಿನೀರು. ಸುತ್ತ ಆಳದ ಸಮುದ್ರ ದಡಕ್ಕೆ ಇಷ್ಟು ಹತ್ತಿರ ಇರುವುದರಿಂದಲೇ ಇದು ಸಾಧ್ಯ. ಜೊತೆಗಿದ್ದವರೆಲ್ಲ ಗಾಜಿನ ತಳದ ದೋಣಿಗೆ ಓಡಿದ್ದರು. ನಾನು ಆ ಮೋಟು ಕಟ್ಟಡದ ಮುಂದೆ ನಿಂತು ಪ್ರಶ್ನೆ ಕೇಳುತ್ತಿದ್ದೆ. "ಇನ್ನು ಸಾಕು, ಹೋಗೋಣ" ಅಂತ ತೋಳು ಎಳೆಯುವವರು ಪಕ್ಕದಲ್ಲಿ ಇಲ್ಲದಿದ್ದದ್ದು ಎಷ್ಟು ಒಳ್ಳೆಯದಾಯಿತು ಅಂತ ಅಲ್ಲಿ ಅನ್ನಿಸಿತು.

ಕೊನೆಯ ರಾತ್ರಿ ಸಮುದ್ರ ಕೆಟ್ಟಿತು. ಊಟದ ಮನೆ ಅರ್ಧ ಖಾಲಿ. ಕ್ಯಾಬಿನ್ನಿನಲ್ಲಿ ಅತ್ತಿಗೆ ಗೋಡೆ ಹಿಡಿದು ಕೂತಿದ್ದರು, ಹೈದರಾಬಾದಿನವಳು ಬೆಳ್ಳಗಾಗಿದ್ದಳು. ಅವೋಮಿನ್ ಮಾತ್ರೆ ಹೊಟ್ಟೆ ಕೆಡುವ ಮೊದಲೇ ತೆಗೆದುಕೊಳ್ಳಬೇಕು; ವಾಂತಿ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ನಾನು ಮೊದಲ ದಿನದಿಂದ ತಪ್ಪದೆ ತೆಗೆದುಕೊಂಡಿದ್ದೆ. ಇಬ್ಬರಿಗೂ ಪ್ಲಾಸ್ಟಿಕ್ ಚೀಲ, ಒಣ ಬಿಸ್ಕತ್ತು, ಶುಂಠಿ ಚೂರು ಕೊಟ್ಟೆ, ಅತ್ತಿಗೆಗೆ ನನ್ನ ಕೆಳಗಿನ ಬರ್ತ್ ಕೊಟ್ಟೆ. ಈ ಸಲ ಬಾಯಿಯ ತುದಿಗೆ ಬಂದದ್ದನ್ನು ತಡೆಯಲಿಲ್ಲ. ಕೊಟ್ಟು, ಅವರ ಪಕ್ಕದಲ್ಲಿ ಕೂರದೆ, ಶಾಲು ಹೊದ್ದು ಡೆಕ್ಕಿಗೆ ಹೋದೆ. ಮನೆಯಲ್ಲಿ ಆ ಎರಡನೆಯ ಭಾಗ ನನ್ನಿಂದ ಯಾವತ್ತೂ ಆದದ್ದಿಲ್ಲ.

ಡೆಕ್ಕಿನಲ್ಲಿ ಕಿಲ್ತಾನ್ ದ್ವೀಪದ ಒಬ್ಬ ಮುದುಕರು, ಕಣ್ಣಿನ ಆಪರೇಷನ್ನಿಗೆ ಕೊಚ್ಚಿಗೆ ಹೊರಟವರು. ನಾನು ಮಂಗಳೂರು ಅಂದದ್ದೇ ತಡ, "ಇರೆನ ಊರು ಕುಡ್ಲನಾ?" (ನಿಮ್ಮ ಊರು ಮಂಗಳೂರಾ?) ಅಂತ ತುಳುವಿನಲ್ಲಿ ಶುರು ಮಾಡಿದರು. ಅರಬ್ಬಿ ಸಮುದ್ರದ ನಡುವೆ, ಆ ಕತ್ತಲಲ್ಲಿ, ತುಳು! ಹುಡುಗನಾಗಿದ್ದಾಗ ಓಡಂ ಅನ್ನುವ ಹಾಯಿ ದೋಣಿಯಲ್ಲಿ ಅಪ್ಪನ ಜೊತೆ ನಾರು ಹೇರಿಕೊಂಡು ಬಂದರಿಗೆ ಬರುತ್ತಿದ್ದರಂತೆ. ಗಾಳಿ ಸರಿಯಿದ್ದರೆ ಬೇಗ, ಇಲ್ಲದಿದ್ದರೆ ದೇವರು ಬಿಟ್ಟ ದಿನ. ನಾರು ಕೊಟ್ಟು ಅಕ್ಕಿ ತೆಗೆದುಕೊಳ್ಳುವುದು. ಕುಚ್ಚಲಕ್ಕಿಯ ಬೆಲೆ, ಯಾವ ಅಂಗಡಿಯವನು ತೂಕದಲ್ಲಿ ಮೋಸ ಮಾಡುತ್ತಿದ್ದ, ಬಂದರಿನ ಯಾವ ಹೋಟೆಲಿನಲ್ಲಿ ಗೋಳಿಬಜೆ ಚೆನ್ನಾಗಿತ್ತು, ಎಲ್ಲ ನೆನಪಿತ್ತು. ಅವರ ಅಜ್ಜನ ಕಾಲದ ಕಾಗದಗಳೆಲ್ಲ ಮಂಗಳೂರಿನ ಕಲೆಕ್ಟರ್ ಕಚೇರಿಯವು ಅಂದರು. ನಾನು ಟಿಪ್ಪುವಿನ ಕತೆ ತೆಗೆದೆ. "ಅದು ಅಮಿನಿಯವರು ಹೋದದ್ದು, ನಮ್ಮವರಲ್ಲ" ಅಂತ ತಕ್ಷಣ ತಿದ್ದಿದರು. ಎರಡು ಶತಮಾನ ದಾಟಿದರೂ ದ್ವೀಪ ದ್ವೀಪಕ್ಕೆ ಲೆಕ್ಕ ಬೇರೆ!

ಬೆಳಿಗ್ಗೆ ಕೊಚ್ಚಿ ಕಾಣುವ ಮೊದಲೇ ಸಿಗ್ನಲ್ ಬಂತು. ಏಕಕಾಲಕ್ಕೆ ನೂರಾರು ಮೊಬೈಲ್ ಕಿಣಿಕಿಣಿ. ಮನೆಗೆ ಫೋನು ಮಾಡಿದರೆ ಯಜಮಾನರು ಬೇಳೆ ಡಬ್ಬ ಎಲ್ಲಿದೆ ಅಂತ ಇಷ್ಟು ದಿನ ಹುಡುಕಿ ಈಗ ಸಿಕ್ಕಿದೆ ಅಂದರು.

ಆಮೇಲೆ ಹೋಗಬೇಕೆಂದಿರುವ ಹೆಂಗಸರು ಬಹಳ ಮಂದಿ ಕೇಳುತ್ತಾರೆ. ಹಡಗು, ಪ್ಯಾಕೇಜು, ದರ ವರ್ಷವರ್ಷಕ್ಕೆ ಬದಲಾಗುತ್ತವೆ, ಹಾಗಾಗಿ ಅದನ್ನು ನೇರವಾಗಿ ಲಕ್ಷದ್ವೀಪ ಪ್ರವಾಸೋದ್ಯಮದವರಲ್ಲೇ ವಿಚಾರಿಸಿ. ಮಳೆಗಾಲ ಬೇಡ. ಪೊಲೀಸ್ ಕ್ಲಿಯರೆನ್ಸಿಗೆ ಸಾಕಷ್ಟು ಮೊದಲೇ ಓಡಾಡಿ. ಸಸ್ಯಾಹಾರಿಗಳಿಗೆ ಊಟಕ್ಕೆ ತೊಂದರೆ ಇಲ್ಲ, ರುಚಿಯ ಮಾತು ಎತ್ತಬೇಡಿ. ನಗದು ಇಟ್ಟುಕೊಳ್ಳಿ. ಸೀರೆ ಉಟ್ಟು ದೋಣಿಗೆ ಇಳಿಯಬಹುದು, ನನ್ನೆದುರಿಗೇ ಸೂರತ್ತಿನ ಅಜ್ಜಿ ಇಳಿದರು. ಆದರೆ ಚೂಡಿದಾರ ಲೇಸು. ಕನ್ನಡಕಕ್ಕೆ ದಾರ ಕಟ್ಟಿಕೊಳ್ಳಿ. ಕೈಯಲ್ಲಿ ಏನೂ ಹಿಡಿಯಬೇಡಿ, ಬೆನ್ನಿಗೆ ಹಾಕುವ ಚೀಲ ಒಯ್ಯಿರಿ. ಮಾಸ್‌ಮಿನ್ ಯಾರಾದರೂ ಕೊಟ್ಟರೆ ಎರಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಾಯಿ ಕಟ್ಟಿ, ಕ್ಯಾಬಿನ್ನಿನ ಹೊರಗೆ ಇಡಿ.